ಸುಭದ್ರಮ್ಮನವರ ತವರಿನ ಬೆಲ್ಟು

ಭದ್ರಾವತಿಯ ನ್ಯೂ ಟೌನಿನಲ್ಲಿ ಚಂದ್ರಶೇಖರಪ್ಪನವರ ಮಾತಿಗೆ ಬೆಲೆ ಕೊಡದವರು ಇರಲಿಲ್ಲ; ಅವರ ಮನೆಯೊಳಗೆ ಮಾತ್ರ ಒಬ್ಬರಿದ್ದರು. ಕಾರ್ಖಾನೆಯಲ್ಲಿ ಯಂತ್ರಗಳ ಆರೈಕೆ ಮಾಡಿ ನಿವೃತ್ತರಾದ ಮಹಾನುಭಾವರು ಅವರು. ಯಂತ್ರ ಕೆಡುವ ಮೊದಲೇ ಭಾಗ ಬದಲಾಯಿಸಬೇಕು ಎಂಬುದು ಅವರ ಜೀವನಧರ್ಮ. ಪತ್ನಿ ಸುಭದ್ರಮ್ಮ ಆಯನೂರಿನ ಹಿಟ್ಟಿನ ಗಿರಣಿಯವರ ಮಗಳು. ಕೆಟ್ಟದ್ದನ್ನೂ ಇನ್ನೊಂದು ವರ್ಷ ಓಡಿಸಬೇಕು ಎಂಬುದು ಅವರ ಧರ್ಮ. (ನಿವೃತ್ತಿಯಾದ ಮೇಲೂ ತಮಗೆ ಹೊತ್ತುಹೊತ್ತಿಗೆ ಕಾಫಿ ಸಿಗುತ್ತಿರುವುದು ಈ ಧರ್ಮದ ಪುಣ್ಯದಿಂದಲೇ ಎಂದು ಚಂದ್ರಶೇಖರಪ್ಪನವರು ಒಳಗೊಳಗೇ ಒಪ್ಪಿದ್ದರು.)

ಎರಡು ಧರ್ಮಗಳಿಗೂ ಘರ್ಷಣೆಯಾದದ್ದು ಕಾರಿನ ಟೈಮಿಂಗ್ ಬೆಲ್ಟಿನ ಮೇಲೆ. ಅವರ ಸೆಕೆಂಡ್‌ಹ್ಯಾಂಡ್ ಕೆಂಪು ಕಾರು ಬೆಲ್ಟು ಬದಲಾಯಿಸಬೇಕಾದ ಗಡಿಯನ್ನು ದಾಟಿ ಓಡುತ್ತಿತ್ತು.

"ನಾಳೆ ಶಿವಮೊಗ್ಗಕ್ಕೆ ಹೋಗಿ ಭೂತಪ್ಪನ ಗ್ಯಾರೇಜಲ್ಲಿ ಹಾಕಿಸ್ಕೊಂಡು ಬರ್ತೀನಿ" ಎಂದರು ಚಂದ್ರಶೇಖರಪ್ಪ.

"ಈಗಿರೋದು ಹರಿದಿದೆಯಾ?"

"ಇಲ್ಲ."

"ಮತ್ತೆ?"

"ಹರಿಯೋಕೆ ಮುಂಚೆ ಬದಲಾಯಿಸ್ಬೇಕು ಮಾರಾಯ್ತಿ! ಹರಿದ್ರೆ ಎಂಜಿನ್ ನಡುರಸ್ತೇಲಿ ನಿಂತ್ಬಿಡುತ್ತೆ."

"ಮೊದ್ಲು ನೀವು ಉಟ್ಟಿರೋ ಪಂಚೆ ಬದಲಾಯಿಸಿ. ಅದು ಹರಿದೇ ಎರಡು ವರ್ಷ ಆಯ್ತು. ಬೆಲ್ಟಿನ ವಿಷಯ ನನಗೆ ಹೇಳ್ಬೇಡಿ. ಅಪ್ಪನ ಗಿರಣೀಲಿ ಬೆಲ್ಟಿನ ಪಕ್ಕದಲ್ಲೇ ಆಡಿ ಬೆಳೆದೋಳು ನಾನು. ಒಂದೇ ಬೆಲ್ಟು, ನನ್ನ ಮದುವೆವರೆಗೂ ಓಡ್ತು! ಹರಿಯೋ ಬೆಲ್ಟು ಮುಂಚೇನೇ ಪಟಪಟ ಅಂತ ಬಡ್ಕೊಳ್ಳುತ್ತೆ. ಹೇಳದೆ ಹೋಗೋ ಬೆಲ್ಟು ನಾನು ಕಂಡೇ ಇಲ್ಲ."

"ಅದು ಬಯಲಲ್ಲಿರೋ ಬೆಲ್ಟು ಕಣೆ. ಇದು ಮುಚ್ಚಳದ ಒಳಗಿದೆ."

"ಮುಚ್ಚಿಟ್ಟಿದ್ದು ಯಾಕ್ರೀ ಸವೆಯುತ್ತೆ? ಬಿಸಿಲಿಲ್ಲ, ಧೂಳಿಲ್ಲ!"

ಕಾರ್ಖಾನೆಯ ದೊಡ್ಡ ಸಾಹೇಬರಿಗೇ ಎದುರುತ್ತರ ಕೊಟ್ಟಿದ್ದ ಚಂದ್ರಶೇಖರಪ್ಪನವರು ಪಂಚೆ ಬದಲಾಯಿಸಲು ಒಳಗೆ ಹೋದರು.

ಮರುದಿನದಿಂದ ಬೆಳಗಿನ ಪೂಜೆಯ ಬೆನ್ನಿಗೇ ಬೆಲ್ಟಿನ ಪರೀಕ್ಷೆ ಶುರುವಾಯಿತು. ಪತಿ ಎಂಜಿನ್ ಚಾಲೂ ಮಾಡಬೇಕು; ಪತ್ನಿ ಬಾನೆಟ್ಟಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, ಯೋಗನಿದ್ರೆಯಲ್ಲಿ ನಿಲ್ಲಬೇಕು.

"ಏನ್ರೀ ಸುಭದ್ರಮ್ಮ, ಕಾರಿಗೆ ನೆಗಡೀನಾ?" ಎಂದು ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಮಾಸ್ತಮ್ಮ ಕೇಳಿದರು.

"ಕಾರು ಗಟ್ಟಿಮುಟ್ಟಾಗಿದೆ ಮಾಸ್ತಮ್ಮ. ನಮ್ಮನೆಯೋರಿಗೇ ಸುಮ್ನೆ ಗಾಬರಿ."

ಅಷ್ಟರಲ್ಲಿ ಆಯನೂರಿನಿಂದ ಕರೆ ಬಂತು. ಸುಭದ್ರಮ್ಮನವರ ತಮ್ಮ, ಈಗ ಗಿರಣಿ ನಡೆಸುವ ವೀರೇಂದ್ರ, ಮಗಳು ಸೌಂದರ್ಯಳ ನಿಶ್ಚಿತಾರ್ಥ ಇಟ್ಟುಕೊಂಡಿದ್ದ. ಸೋದರತ್ತೆ ಬಂದು ಆರತಿ ಎತ್ತದೆ ಶಾಸ್ತ್ರ ಮುಂದುವರಿಯುವಂತಿರಲಿಲ್ಲ. ಗಂಡಿನ ಕಡೆಯವರು ಬರುವ ಮುಂಚೆಯೇ ಕಾರಿನಲ್ಲಿ ಬಂದು ಇಳಿಯುತ್ತೇನೆಂದು ಸುಭದ್ರಮ್ಮ ಮಾತು ಕೊಟ್ಟರು.

"ಹೊರಡೋಕೆ ಮುಂಚೆ ಆ ಬೆಲ್ಟು…"

"ಶುಭಕಾರ್ಯಕ್ಕೆ ಹೊರಟಾಗ ಹರಿಯೋ ಮಾತು ಆಡ್ಬೇಡಿ."

ಕಾರು ಮಲವಗೊಪ್ಪ ದಾಟಿತು. ಶಿವಮೊಗ್ಗದಲ್ಲಿ ಭೂತಪ್ಪನ ಗ್ಯಾರೇಜು ಕಂಡಾಗ ಚಂದ್ರಶೇಖರಪ್ಪನವರ ಕೈ ತಾನಾಗಿಯೇ ಸ್ಟಿಯರಿಂಗನ್ನು ಅತ್ತ ಎಳೆಯಿತು. ಪಕ್ಕದ ಸೀಟಿನಿಂದ ಬಂದ ಒಂದು ನೋಟಕ್ಕೆ ನೇರವಾಯಿತು. ಸಾಗರ ರಸ್ತೆಯಲ್ಲಿ ಆಯನೂರು ಇನ್ನೇನು ಬಂತು ಎನ್ನುವಾಗ ಎಂಜಿನ್ ಆರಿತು. ಪಟಪಟ ಇಲ್ಲ, ಚಟಚಟ ಇಲ್ಲ. ಕಾರು ಪರಮಶಾಂತಿಯಿಂದ ಉರುಳಿಕೊಂಡು ಹೋಗಿ ರಸ್ತೆಯ ಬದಿಗೆ ನಿಂತಿತು. ಕೀಲಿ ತಿರುಗಿಸಿದರೆ ಹಗುರಾಗಿ ಗಿರ್ರೆಂದಿತೇ ಹೊರತು ಹತ್ತಲಿಲ್ಲ.

"ಹರೀತು" ಎಂದರು ಚಂದ್ರಶೇಖರಪ್ಪ. ಆ ಮಾತಿನಲ್ಲಿದ್ದ ಆನಂದವನ್ನು ಅಡಗಿಸಲು ಅವರು ಪಟ್ಟ ಕಷ್ಟ ಅವರಿಗೇ ಗೊತ್ತು.

"ಒಂದು ಮಾತು ಹೇಳದೆ ಹೋಯ್ತಲ್ರೀ!" ಎಂದು ಸುಭದ್ರಮ್ಮ ರೇಷ್ಮೆ ಸೀರೆಯ ಸೆರಗು ಹಿಡಿದು ರಸ್ತೆಗಿಳಿದರು. "ಗಂಡಿನ ಕಡೆಯೋರು ಬರೋ ಹೊತ್ತಾಯ್ತು. ಆರತಿ ಯಾರು ಎತ್ತೋದು?"

ರಸ್ತೆ ಬದಿಯ ಅಂಗಡಿಯಿಂದ ಫೋನು ಹೋಯಿತು. ವೀರೇಂದ್ರ ಹೊಸ ಶರ್ಟಿನಲ್ಲೇ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ. ಕಾರನ್ನು ಎಳೆಯಲು ಅವನು ತಂದದ್ದು ಹಗ್ಗವಲ್ಲ. ಅಗಲವಾದ, ದಪ್ಪನೆಯ ಗಿರಣಿ ಬೆಲ್ಟು.

ಸುಭದ್ರಮ್ಮನವರ ಮುಖ ಅರಳಿತು. "ಇದು ಅಪ್ಪನ ಕಾಲದ್ದಲ್ವೇನೋ? ನೋಡ್ರೀ, ಇಷ್ಟು ವರ್ಷವಾದ್ರೂ ಹೇಗೆ ಗಟ್ಟಿಯಾಗಿದೆ!"

"ಗಟ್ಟಿ ಇರದೆ ಏನಕ್ಕ?" ಎಂದ ವೀರೇಂದ್ರ, ಗಂಟು ಬಿಗಿಯುತ್ತಾ. "ಸವೆಯೋಕೆ ಮುಂಚೇನೇ ಬಿಚ್ಚಿಟ್ಟಿದ್ದು. ಪ್ರತಿ ವರ್ಷ ಆಯುಧಪೂಜೆಗೆ ಅಪ್ಪ ಹೊಸದು ಹಾಕ್ತಿದ್ರಲ್ಲ. ಹಬ್ಬದ ದಿನ ನೀನು ಅಡುಗೆ ಮನೆ ಬಿಟ್ಟು ಆಚೆ ಬಂದಿದ್ರೆ ತಾನೇ ಕಾಣೋಕೆ? ಇಂಥವು ಅಟ್ಟದ ಮೇಲೆ ರಾಶಿ ಇದಾವೆ."

"ಒಂದೇ ಬೆಲ್ಟು ಅಂದ್ಕೊಂಡಿದ್ದೆನಲ್ಲೋ!"

"ಎಲ್ಲಾ ಒಂದೇ ಥರ ಕಾಣ್ತವೆ ಅಕ್ಕ. ಕಾರು ಹತ್ತು, ಹತ್ತು. ಭಾವ, ಸ್ಟಿಯರಿಂಗ್ ಹಿಡೀರಿ."

ಭಾವನವರು ಹಿಡಿದರು. ಟ್ರ್ಯಾಕ್ಟರಿನ ಹಿಂದೆ ಅವರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿಯಲ್ಲಿ ಸಾಗಿದರು. ದಾಂಪತ್ಯದಲ್ಲಿ ಮೊದಲ ಸಲ ಗೆದ್ದಿದ್ದರು. ಅದೂ ಸ್ವಂತ ಮಾವನವರ ಸಾಕ್ಷಿಯಿಂದ! ಗಂಡಿನ ಕಡೆಯವರ ವ್ಯಾನು ಬಂದು ನಿಲ್ಲುವುದಕ್ಕೂ ಸೋದರತ್ತೆ ಆರತಿ ತಟ್ಟೆ ಕೈಗೆತ್ತಿಕೊಳ್ಳುವುದಕ್ಕೂ ಸರಿಹೋಯಿತು. ಊಟಕ್ಕೆ ಕೂತಾಗ ಚಂದ್ರಶೇಖರಪ್ಪನವರು ಒಂದು ಚುಚ್ಚುಮಾತನ್ನೂ ಆಡಲಿಲ್ಲ. ಎರಡು ಹೋಳಿಗೆ ಹೆಚ್ಚಿಗೆ ತಿಂದರು, ಅಷ್ಟೇ.

ಮರುದಿನ ಭೂತಪ್ಪ ಆಯನೂರಿಗೇ ಬಂದು ಹೊಸ ಬೆಲ್ಟು ಹಾಕಿದ. "ನಿಮ್ಮ ಪುಣ್ಯ ಸಾರ್, ಎಂಜಿನ್‌ಗೆ ಬೇರೇನೂ ಆಗಿಲ್ಲ. ಇನ್ನು ಐದು ವರ್ಷ ಇದರ ಕಡೆ ತಿರುಗಿ ನೋಡೋದು ಬೇಡ."

"ಐದು ವರ್ಷಾನಾ?" ಎಂದರು ಸುಭದ್ರಮ್ಮ. "ಅದೆಲ್ಲಾ ಆಗಲ್ಲಪ್ಪ. ಪ್ರತಿ ಆಯುಧಪೂಜೆಗೆ ಹೊಸದು ಹಾಕ್ಬೇಕು. ನಮ್ಮಪ್ಪ ಹಾಗೇ ಮಾಡ್ತಿದ್ದದ್ದು."

ಚಂದ್ರಶೇಖರಪ್ಪ ಗಾಬರಿಯಾದರು. "ಹರಿಯದೇ ಇರೋ ಬೆಲ್ಟನ್ನ ಯಾರಾದ್ರೂ ತೆಗೀತಾರೇನೇ?"

"ಹರಿಯೋಕೆ ಮುಂಚೆ ಬದಲಾಯಿಸ್ಬೇಕು ಅಂತ ಪ್ರಾಣ ತಿಂದೋರು ಯಾರ್ರೀ?"

ಭೂತಪ್ಪ ಸ್ಪಾನರ್ ಹುಡುಕುವ ನೆವದಲ್ಲಿ ಕಾರಿನ ಹಿಂದೆ ಹೋದ.

ಈಗ ಪ್ರತಿ ವರ್ಷ, ಊರವರೆಲ್ಲ ತಮ್ಮ ವಾಹನ ತೊಳೆದು ಬಾಳೆಕಂದು ಕಟ್ಟುವ ಹೊತ್ತಿಗೆ, ಚಂದ್ರಶೇಖರಪ್ಪನವರು ಭೂತಪ್ಪನ ಗ್ಯಾರೇಜಿನ ಬೆಂಚಿನ ಮೇಲೆ ಕೂತಿರುತ್ತಾರೆ. ಕಳಚಿದ, ಥಳಥಳಿಸುವ ಬೆಲ್ಟನ್ನು ಪೇಪರಿನಲ್ಲಿ ಸುತ್ತಿಸಿ ಮನೆಗೆ ತರುತ್ತಾರೆ. ಅದನ್ನು ಅಟ್ಟಕ್ಕೆ ಏರಿಸುವುದೂ ಅವರದೇ ಕೆಲಸ. ಕೆಳಗೆ ಏಣಿ ಹಿಡಿದು ನಿಂತ ಸುಭದ್ರಮ್ಮ ತಪ್ಪದೆ ಎಚ್ಚರಿಸುತ್ತಾರೆ: "ಜೋಪಾನ ರೀ, ಎತ್ತಿ ಹಾಕ್ಬೇಡಿ. ಗಟ್ಟಿ ಮಾಲು!"