ಮೆಣಸಿನಕಾಯಿ ಮಾವನ ಸಕ್ಕರೆ

ಸಕ್ಕರೆ ಕಾಯಿಲೆ ಬಂದವರು ಅದನ್ನು ಒಪ್ಪಿಕೊಳ್ಳುವ ಮೊದಲು ಊರಿನಲ್ಲಿ ಉಳಿದ ಎಲ್ಲದರ ಮೇಲೂ ತಪ್ಪು ಹೊರಿಸಿ ಮುಗಿಸುತ್ತಾರೆ. ಎಂಬತ್ತರ ದಶಕದಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಈ ಕೆಲಸವನ್ನು ಬಹಳ ಶಿಸ್ತಿನಿಂದ ಮಾಡಿದರು.

ನೀರಡಿಕೆ

ಅಂಗಡಿಯ ನೀರಿನ ಹರವಿಯನ್ನು ಮಾವ ಒಬ್ಬರೇ ಮಧ್ಯಾಹ್ನದೊಳಗೆ ಖಾಲಿ ಮಾಡತೊಡಗಿದರು. ಸಾಲದ್ದಕ್ಕೆ ಕಬ್ಬಿನ ಹಾಲು. ಅದರ ಬೆನ್ನಿಗೇ ಬಚ್ಚಲಿಗೆ ಓಡಾಟ. ಬಚ್ಚಲಲ್ಲಿ ಇರುವೆ ಸಾಲುಗಟ್ಟಿದಾಗ, ಸೊಸೆ ಸಕ್ಕರೆ ಚೆಲ್ಲಿದ್ದಾಳೆಂದು ತೀರ್ಪು ಕೊಟ್ಟರು. ನೀರಡಿಕೆಗೆ ಕಾರಣ ಮೆಣಸಿನಕಾಯಿಯ ಖಾರವಂತೆ.

ಅತ್ತೆ ಕೇಳಿದರು: "ಬ್ಯಾಡಗಿ ಕಾಯಿಗೆ ಖಾರ ಕಡಿಮಿ, ಬಣ್ಣ ಹೆಚ್ಚು ಅಂತ ದಿನಾ ಗಿರಾಕಿಗೆ ಹೇಳತೀರಲ್ರಿ?"

"ಅದು ಮಾರೂಮುಂದ ಹೇಳೂ ಮಾತು," ಎಂದರು ಮಾವ.

ಚಪ್ಪಲಿ

ಹಾವೇರಿಯಲ್ಲಿ ಮದುವೆ ಊಟ ಮುಗಿಸಿ ಮಾವ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಅತ್ತೆ ಕೇಳುವ ತನಕ ಇನ್ನೊಂದು ಇಲ್ಲದ್ದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ, ಯಾರೋ ಕದ್ದರು ಎಂದರು.

"ಒಂದ ಚಪ್ಪಲಿ ಕದಿಯೋ ಕಳ್ಳ ಯಾವನ್ರಿ?"

"ಪಾಪ, ಅವನಿಗೆ ಒಂದ ಕಾಲು ಇರಬೇಕು."

ಅಷ್ಟರಲ್ಲಿ ಅತ್ತೆಯ ಕಣ್ಣು ಬರಿಗಾಲಿನ ಹೆಬ್ಬೆರಳಿಗೆ ಬಿತ್ತು. ಗಾಜು ಚುಚ್ಚಿ ರಕ್ತ ಹರಿದಿತ್ತು. ಮಾವನಿಗೆ ನೋವೇ ಇರಲಿಲ್ಲ. ಅದು ತಮ್ಮ ಧೈರ್ಯ ಎಂದು ಅವರು ವಿವರಿಸಿದರು.

ಬಣ್ಣ

ಗಾಯ ಮಾಯಲಿಲ್ಲ. ಅತ್ತೆ ನನ್ನನ್ನೂ ಜೊತೆಗಿಟ್ಟುಕೊಂಡು ಅವರನ್ನು ರಾಣೆಬೆನ್ನೂರಿನ ಡಾಕ್ಟರ ಬಳಿಗೆ ಎಳೆದೊಯ್ದರು. ಆಗ ನೀಲಿ ಔಷಧಕ್ಕೆ ಮೂತ್ರದ ಹನಿ ಬಿಟ್ಟು ಕಾಯಿಸುತ್ತಿದ್ದರು. ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯುತ್ತದೆ. ವಿಪರೀತ ಇದ್ದರೆ ಇಟ್ಟಿಗೆ ಕೆಂಪು. ಮಾವನದು ಕೆಂಪಗಾಯಿತು. ಅವರು ಕೊಳವೆಯನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, "ಏನ ಬಣ್ಣ ಬಂದೈತಿ," ಎಂದು ಮೆಚ್ಚಿದರು.

ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಪಾದ ಜಡವಾಗಿದೆ; ಸಕ್ಕರೆ ಇಳಿಯದಿದ್ದರೆ ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆಯಬೇಕಾದೀತು, ಪಕ್ಕದ್ದೂ ಉಳಿಯಲಿಕ್ಕಿಲ್ಲ. ಮಾತ್ರೆ ತಪ್ಪಿಸಬಾರದು, ಸಿಹಿ ಬಿಡಬೇಕು, ಬರಿಗಾಲಲ್ಲಿ ನಡೆಯಬಾರದು, ದಿನಾ ಪಾದ ನೋಡಿಕೊಳ್ಳಬೇಕು. ಮಾವ ಮಂಕಾದರು. ಕೆಂಪು ಬಣ್ಣಕ್ಕೆ ಬೆಲೆ ಬೀಳುವ ಪೇಟೆಯನ್ನು ಅವರು ಮೊದಲ ಸಲ ನೋಡಿದ್ದರು.

ವ್ಯವಹಾರ

ಮುಂದಿನ ಸಲ ಮಾವ ಮೂತ್ರದ ಸೀಸೆಯನ್ನು ಮನೆಯಿಂದಲೇ ತುಂಬಿಕೊಂಡು ಬಂದರು. ಕಾಯಿಸಿದರೆ ಶುದ್ಧ ನೀಲಿ. ಗಾಯ ಮಾತ್ರ ಹಾಗೇ ಇತ್ತು. ಡಾಕ್ಟರು ಗೊಂದಲಕ್ಕೆ ಬಿದ್ದರು, ಅತ್ತೆ ಬೀಳಲಿಲ್ಲ.

"ಕಾಯಿಗೆ ನೀರು ಹೊಡದ್ರ ತೂಕ ಬರತೈತ್ರಿ. ಇದಕ್ಕ ಹೊಡದ್ರ ಬೆರಳು ಹೋಗತೈತಿ."



ಅಂದಿನಿಂದ ಆಡಳಿತ ಅತ್ತೆಯದು. ಜೋಳದ ರೊಟ್ಟಿ ಎಣಿಸಿ ಬಡಿಸಿದರು, ಎದುರಿಗೆ ನಿಂತು ಮಾತ್ರೆ ನುಂಗಿಸಿದರು, ಪಾದ ತೊಳೆದು ಒರೆಸಿ ಬೆರಳ ಸಂದಿಯನ್ನೂ ಬಿಡದೆ ತಪಾಸಣೆ ಮಾಡಿದರು. ಸೀಸೆಯನ್ನು ಬಚ್ಚಲ ಬಾಗಿಲಲ್ಲೇ ನಿಂತು ವಶಪಡಿಸಿಕೊಂಡರು. ಕೆಲವು ತಿಂಗಳಲ್ಲಿ ಕೊಳವೆ ನಿಜವಾಗಿಯೂ ನೀಲಿಯಾಯಿತು. ಗಾಯ ಮಾಯಿತು, ಹೆಬ್ಬೆರಳಿನ ಉಗುರು ಮಾತ್ರ ಉದುರಿತು.

ಮಾವ ಮತ್ತೆ ಪೇಟೆಗೆ ಹೋದಾಗ ಪಕ್ಕದ ದಲಾಲರು ಕಾಲಿನ ಸಮಾಚಾರ ಕೇಳಿದರು. ಮಾವ ಗಾದಿಗೆ ಒರಗಿ ಹೇಳಿದರು:

"ಡಾಕ್ಟರು ಎರಡು ಬೆರಳಿಗೆ ಶುರು ಮಾಡಿದ್ರು. ನಾ ಜಗ್ಗಲಿಲ್ಲ. ಕಡೀಕ ಒಂದು ಉಗುರಿಗೆ ಮುಗಿಸೀನಿ."