ಲೋಕ ಮುಗಿದ ಕಾರಣ ಮದುವೆ ರದ್ದು

ಕಳೆದ ಶನಿವಾರ ಸಂಜೆ ಲೋಕ ಮುಗಿದಿದೆ. ಈ ಬಗ್ಗೆ ನಮ್ಮ ಚರ್ಚಿನ ಪ್ರವಾದನಾ ವ್ಯಾಖ್ಯಾನ ಸಮಿತಿಯು ಸರ್ವಾನುಮತದ ನಿರ್ಣಯ ಅಂಗೀಕರಿಸಿದ್ದು, ಯಾರೂ ಗಾಬರಿಪಡಬೇಕಾಗಿಲ್ಲ.

ಸಮಿತಿಯ ಕಾರ್ಯದರ್ಶಿ ನಾನೇ. ಹಳ್ಳಿಯಲ್ಲಿ ಹಸುವಿನ ಹೊಟ್ಟೆ ನೋಡಿಯೇ ಕರುವಿನ ಬಣ್ಣ ಹೇಳುತ್ತಿದ್ದವನಿಗೆ ಬೈಬಲಿನ ಕೊನೆಯ ಪ್ರಕಟನೆ ಗ್ರಂಥ ಯಾವ ಮೂಲೆಗೆ? ಅದರಲ್ಲಿ ಬರುವ ಏಳು ತಲೆ, ಹತ್ತು ಕೊಂಬಿನ ಮೃಗ ಯಾರೆಂದು ಒಂದೇ ಏಟಿಗೆ ಹಿಡಿದವನೂ ನಾನೇ: ಎದುರು ಬೀದಿಯ ಚರ್ಚಿನ ಆಡಳಿತ ಮಂಡಳಿ. ಅಲ್ಲಿರುವುದು ಏಳೇ ಜನ. ಹತ್ತು ಕೊಂಬುಗಳ ವಿಷಯವನ್ನು ಮುಂದೂಡಲಾಯಿತು.

ತೊಡಕು ಒಂದೇ. ಭಾನುವಾರ ನಮ್ಮಕ್ಕನ ಮದುವೆ ಇತ್ತು.

"ಲೇ, ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿಲ್ವೇನೋ?" ಎಂದಳು ಅಕ್ಕ, ನಾವು ಶನಿವಾರವೆಂದು ಗೊತ್ತುಮಾಡಿದ ದಿನ.

"ಅದು ಸಾರ್ವಜನಿಕರಿಗೆ ಅಕ್ಕಾ. ಸಮಿತಿಗೆ ಅನ್ವಯಿಸಲ್ಲ."

"ಇಡೀ ಅಧ್ಯಾಯ ಓದಿದ್ದೀಯಾ?"

"ಇಡೀದು ಓದಿದ್ರೆ ಗೊಂದಲ ಆಗುತ್ತೆ. ಅದಕ್ಕೇ ಒಂದು ಸಭೆಗೆ ಒಂದೇ ವಚನ ಅಂತ ನಿಯಮ ಮಾಡಿದೀವಿ."

ಶನಿವಾರ ಎಲ್ಲರೂ ಚರ್ಚಿನ ಮದುವೆ ಹಾಲಿನ ತಾರಸಿ ಹತ್ತಿ ಕೂತೆವು. ಮೋಡ ಬಂತು, ಹೋಯಿತು. ಸೊಳ್ಳೆ ಕಚ್ಚಿದವು. ಅಷ್ಟರಲ್ಲಿ ಬೀದಿದೀಪ ಆರಿತು. "ಆಯ್ತು, ಕಣ್ಣಿಗೆ ಕಾಣದ ಹಾಗೆ ಮುಗೀತು" ಎಂದು ಸಮಿತಿಯ ಅಧ್ಯಕ್ಷರು ಕೆಳಗಿಳಿದರು.

ಮರುದಿನ ಅಕ್ಕ ಮದುವೆಯ ಬಿಳಿ ಉಡುಪಿನಲ್ಲೇ ಸಮಿತಿಯ ಕೋಣೆಗೆ ನುಗ್ಗಿದಳು. ಹಿಂದೆ, ಹೊಸ ಬೂಟು ಕಚ್ಚಿ ಕುಂಟುತ್ತಾ, ನನಗೆ ಭಾವನಾಗಬೇಕಾದ ಎಲೆಕ್ಟ್ರಿಷಿಯನ್.

"ಸಾರ್, ಅದು ಫ್ಯೂಸ್ ಹೋಗಿದ್ದು. ನಾನೇ ಹಾಕಿ ಬಂದೆ. ಮದುವೆ ಮಾಡಿಸಿ."

"ನಿರ್ಣಯ ಆಗೋಗಿದೆಯಪ್ಪಾ" ಎಂದರು ಅಧ್ಯಕ್ಷರು. "ಲೋಕ ಮುಗಿದು ಪುನರುತ್ಥಾನ ಆದ್ಮೇಲೆ ಯಾರೂ ಮದುವೆ ಮಾಡ್ಕೊಳ್ಳಲ್ಲ, ದೇವದೂತರ ಹಾಗೆ ಇರ್ತಾರೆ. ಹಾಗಂತ ಬರೆದಿದೆ."

"ಈ ವಚನ ಹುಡುಕಿ ಕೊಟ್ಟ ಮಹಾನುಭಾವ ಯಾರು?" ಅಕ್ಕ ನನ್ನನ್ನೇ ನೋಡಿದಳು.

ಹೇಳಬೇಕೇ? ಇಂಥದ್ದು ಇನ್ಯಾರಿಗೆ ಹೊಳೆಯುತ್ತದೆ!

ಇನ್ನು ಮದುವೆಗಳೇ ಇಲ್ಲದ್ದರಿಂದ ಮದುವೆ ಹಾಲನ್ನು ಅಧ್ಯಕ್ಷರ ಅಂಗಡಿಯ ಸಿಮೆಂಟ್ ಮೂಟೆಗಳಿಗೆ ಬಿಟ್ಟುಕೊಡಲಾಯಿತು. ಮುಗಿದ ಲೋಕದಲ್ಲಿ ಸಿಮೆಂಟ್ ಯಾರಿಗೆ ಎಂದು ಅಮ್ಮ ಕೇಳಿದ್ದನ್ನು ಕಡತದಿಂದ ತೆಗೆದುಹಾಕಲಾಗಿದೆ. ಅಕ್ಕನಿಗೂ ಅನ್ಯಾಯವಾಗಿಲ್ಲ, ಆಕೆಯ ಉಡುಪು ದೇವದೂತರ ಸಮವಸ್ತ್ರವೆಂದು ಮಂಜೂರಾಗಿದೆ.

ಎದುರು ಬೀದಿಯ ಚರ್ಚಿನವರು ಮಾತ್ರ ಲೋಕ ಮುಗಿಯುವುದು ಬರುವ ಶುಕ್ರವಾರವೆಂದು ನಿರ್ಣಯಿಸಿದ್ದಾರೆ. ಪಾಪ, ಓದಲು ಬಾರದವರು. ಅಲ್ಲಿ ಗುರುವಾರ ಹಾಲ್ ಖಾಲಿ ಇತ್ತಂತೆ, ಅಕ್ಕ ಮದುವೆಗೆ ಹಿಡಿದುಬಿಟ್ಟಿದ್ದಾಳೆ. ಅಧ್ಯಕ್ಷರಾದಿಯಾಗಿ ಎಲ್ಲರೂ ಹೊರಟಿದ್ದಾರೆ. ಮುಗಿದ ಲೋಕದ ಅಧಿಕೃತ ಪ್ರತಿನಿಧಿಯಾಗಿ ನಾನೂ ಹೋಗುತ್ತಿದ್ದೇನೆ. ಊಟಕ್ಕಲ್ಲ, ಆ ಹತ್ತು ಕೊಂಬುಗಳನ್ನು ಎಣಿಸಿಕೊಂಡು ಬರಬೇಕಾಗಿದೆ.