ಮಾವನ ಸರ್ಕ್ಯೂಟು, ಅತ್ತೆಯ ಸಂಸಾರ

ನಮ್ಮ ಸೋದರಮಾವನ ಕೈಗೆ ಸಿಕ್ಕಿಯೂ ನೆಟ್ಟಗೆ ಉಳಿದದ್ದು ಇಡೀ ಗುಬ್ಬಿಯಲ್ಲಿ ನಮ್ಮ ಅತ್ತೆ ಒಬ್ಬರೇ. ಅವರನ್ನು ಬಿಚ್ಚಲು ಸ್ಕ್ರೂ ಇರಲಿಲ್ಲವಲ್ಲ, ಅದಕ್ಕೆ!

ಮಾವನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಸಂಜೆ ಬಸ್ಸಿಳಿದು ಮನೆಗೆ ಬಂದವರೇ ಸೋಲ್ಡರಿಂಗ್ ಐರನ್ ಹಿಡಿದು ಕೂರುತ್ತಾರೆ. ಒಮ್ಮೆ ಹೊಸ ಮಿಕ್ಸಿಯನ್ನು ಬಿಚ್ಚಿ ಹರಡಿದ್ದರು. ಯಾಕೆಂದು ಕೇಳಿದೆ. "ಚೆನ್ನಾಗೇ ಓಡ್ತಿತ್ತು ಕಣ್ಲಾ, ಅದಕ್ಕೇ ಅನುಮಾನ ಬಂತು" ಎಂದರು.

ಅಡುಗೆಮನೆಯ ಒಗ್ಗರಣೆ ಡಬ್ಬಿಯೂ ಅವರದೇ ವಶ. ಕಡಲೆಬೇಳೆ ಬಟ್ಟಲಲ್ಲಿ ಹಳೇ ರೇಡಿಯೋದಿಂದ ಕಿತ್ತ ಕೆಪಾಸಿಟರ್‌ಗಳು! ಬಣ್ಣವೂ ಅದೇ, ಗಾತ್ರವೂ ಅದೇ. ಕನ್ನಡಕವಿಲ್ಲದ ಅತ್ತೆ ಅವನ್ನೇ ಉಪ್ಪಿಟ್ಟಿಗೆ ಹುರಿದರು. ನನ್ನ ಹಲ್ಲು ಕಟಕ್ಕೆಂದಿತು. "ಉಗುಳ್ಲಾ ಬೇಗ, ಈಗ ಅದು ಎಲ್ಲೂ ಸಿಗಲ್ಲ!" ಎಂದು ಮಾವ ಅಂಗೈ ಒಡ್ಡಿದರು. ಹಲ್ಲಿನ ಸಮಾಚಾರ ಅವರು ಇವತ್ತಿನವರೆಗೂ ಕೇಳಿಲ್ಲ.

ಆಮೇಲೆ ತೋಟದ ಬೋರ್‌ವೆಲ್‌ಗೆ ಸ್ವಂತ ಸ್ಟಾರ್ಟರ್ ಮಾಡಿದರು. ಡಬ್ಬಿಯೊಳಗೆ ಒಂದು ಸಿಮ್ಮು. ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಶುರು. ಅಂಗಡಿಯ ಸ್ಟಾರ್ಟರ್ ಮಾಲೀಕನ ನಂಬರಿಗೆ ಮಾತ್ರ ಬಗ್ಗುತ್ತದೆ. ಮಾವನದು ಯಾರು ಕರೆದರೂ ಓಗೊಡುವ ಉದಾರಿ! ನಾವೆಲ್ಲ ಕುಣಿಗಲ್‌ನಲ್ಲಿ ಮದುವೆ ಊಟ ಮಾಡುತ್ತಿದ್ದಾಗ ಯಾರೋ ಹುಡುಗಿ "ಸಾಲ ಬೇಕಾ ಸಾರ್" ಎಂದು ಕೇಳಲು ಆ ನಂಬರಿಗೆ ಫೋನ್ ಮಾಡಿದ್ದಾಳೆ. ಮೋಟಾರ್ ಓಡಿದೆ. ನೀರು ತಳ ಕಂಡರೂ ಓಡಿ ಓಡಿ ಸುಟ್ಟುಹೋಗಿದೆ. "ಮೋಟಾರ್ ಹೋದ್ರೆ ಹೋಗ್ಲಿ ಬುಡ್ಲಾ, ಸರ್ಕ್ಯೂಟ್ ಹೆಂಗ್ ಕೆಲ್ಸ ಮಾಡೈತೆ ನೋಡು!" ಎಂದರು ಮಾವ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಆ ಮನೆಯಲ್ಲಿ ಮಾಡುವವರು ಮಾವ, ಉಣ್ಣುವವರು ಅತ್ತೆ. ಅತ್ತೆ ದಿನವೂ ಬೈಯುತ್ತಿದ್ದರು, ಮಾವ ತಲೆ ಎತ್ತುತ್ತಿರಲಿಲ್ಲ.

ಹೋದ ವರ್ಷ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತೇ ಹೋಯಿತು. ಎಲ್ಲ ತಿಳಿಯುತ್ತದೆ, ಆದರೆ ನೀರು ಬೇಕೆಂದು ಕೇಳಲಾಗದು. ಬಾಯಾರಿ ಕಣ್ಣೀರು ಹಾಕುತ್ತಿದ್ದರು. ನಾನು ತುಮಕೂರಿನಿಂದ ನೋಡಲು ಹೋದರೆ ಮಾವ ಮೂಲೆಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದಾರೆ!

"ಸಣ್ಣ ಸ್ಪೀಕರ್ ಒಂದು ಬೇಕಿತ್ತಲ್ಲೋ, ತಂದ್ಕೊಡ್ತೀಯಾ?"

ನನಗೆ ಮೈಯೆಲ್ಲ ಉರಿಯಿತು. ಹೆಂಡತಿಗೆ ಮಾತಿಲ್ಲ, ಈ ಮಹಾಶಯರಿಗೆ ಸ್ಪೀಕರ್ ಬೇಕಂತೆ! "ನಿಮ್ಗೆ ಮನುಷ್ಯತ್ವ ಅನ್ನೋದು ಇದ್ಯಾ ಮಾವ?" ಎಂದು ಕೇಳಿ, ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಮತ್ತೆ ಹೋದಾಗ ಅತ್ತೆಯ ಎಡಗೈ ಪಕ್ಕದಲ್ಲಿ ಒಂದು ಡಬ್ಬಿ ಇತ್ತು. ಮೇಲೆ ದಪ್ಪ ದಪ್ಪ ಬಟನ್‌ಗಳು, ಒಂದರ ಪಕ್ಕ ಲೋಟದ ಚಿತ್ರ, ಇನ್ನೊಂದರ ಪಕ್ಕ ತಟ್ಟೆಯ ಚಿತ್ರ. ಅತ್ತೆ ಲೋಟದ ಬಟನ್ ಒತ್ತಿದರು. "ರೀ, ನೀರು ಕೊಡ್ರೀ" ಎಂದಿತು ಡಬ್ಬಿ. ದನಿ ಮಾವನದು! ಅತ್ತೆಗೆ ದನಿಯಿಲ್ಲವಲ್ಲ, ಅವರ ಮಾತನ್ನೆಲ್ಲ ತಾವೇ ಹೇಳಿ ತುಂಬಿಸಿದ್ದರು. ಮಾವ ಎದ್ದು ಹೋಗಿ ನೀರು ತಂದು, ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸಿದರು.

ಕೊನೆಯ ಕೆಂಪು ಬಟನ್‌ಗೆ ಚಿತ್ರವಿರಲಿಲ್ಲ. "ಇದೇನು ಮಾವ?" ಎಂದೆ. ಅವರು ಉತ್ತರಿಸುವಷ್ಟರಲ್ಲಿ ಅತ್ತೆಯೇ ಒತ್ತಿದರು.

"ಥೂ, ನಿಮ್ಮನ್ನ ಕಟ್ಕೊಂಡು ಕೆಟ್ಟೆ ಕಣ್ರೀ! ಆ ದರಿದ್ರ ಸಾಮಾನೆಲ್ಲ ತಿಪ್ಪೆಗೆ ಎಸೀರಿ!" ಎಂದು ಮಾವನ ದನಿ ಮಾವನನ್ನೇ ಬೈಯಿತು.

ಅತ್ತೆಯ ಸೊಟ್ಟ ಬಾಯಲ್ಲಿ ನಗು ಬಂತು. ಮತ್ತೊಮ್ಮೆ ಒತ್ತಿದರು.

"ಎಸೀತೀನಿ ಕಣೇ" ಎಂದ ಮಾವ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಬಯ್ಯಿ."